ಹಂಗಾದ್ರ ಗೋವಾದವ್ರ ಕಡೆ ಮಾತಾಡಿದಂಗಾತಲ್ಲ

ಭಾನುವಾರ ರಾತ್ರಿ ಉಂಡು ಪಡಸಾಲೆಯಲ್ಲಿ ಕೂತಿದ್ದಾಗ ಅಪ್ಪ ಕೇಳಿದ ಒಂದು ಮಾತು ನಾಲ್ಕು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. ಧಾರವಾಡಕ್ಕೆ ವಾಪಸ್ ಬಂದು ಲೈಬ್ರರಿಯಲ್ಲಿ ಪುಸ್ತಕ ತೆರೆದರೂ ಅದೇ, ಹಾಸ್ಟೆಲ್ ಮೆಸ್ಸಿನಲ್ಲಿ ತಾಟು ಹಿಡಿದು ಪಾಳಿ ನಿಂತರೂ ಅದೇ.

"ಹಂಗಾದ್ರ ನೀ ಗೋವಾದವ್ರ ಕಡೆ ಮಾತಾಡಿದಂಗಾತಲ್ಲ, ಯವ್ವಾ?"

ಸಿಟ್ಟಿನಿಂದ ಕೇಳಿದ್ದಲ್ಲ. ಅಂಗೈಯಲ್ಲಿ ತಂಬಾಕು, ಸುಣ್ಣ ಹಾಕಿ ತಿಕ್ಕುತ್ತಿದ್ದ. ಕೇಳುವಾಗ ಹೆಬ್ಬೆರಳು ನಿಂತಿತು, ಅಷ್ಟೇ.

ನಮ್ಮೂರು ನರಗುಂದದ ಹತ್ತಿರ. 2015ರ ಜುಲೈನಲ್ಲಿ ನರಗುಂದದಲ್ಲಿ ಮಹದಾಯಿ ನೀರಿಗಾಗಿ ಕಳಸಾ-ಬಂಡೂರಿ ಧರಣಿ ಶುರುವಾದಾಗ ನಾನು ಏಳನೇ ತರಗತಿ. ಶಾಲೆ ಸೂಟಿ ಇದ್ದ ದಿನ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಪೆಂಡಾಲಿಗೆ ಹೋಗಿ ಅಪ್ಪನಿಗೆ ಕೊಟ್ಟು ಬರುತ್ತಿದ್ದೆ. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ ನಮ್ಮ ಏಳು ಟಿಎಂಸಿ ಬೇಡಿಕೆ ತಳ್ಳಿಹಾಕಿದ ಸಂಜೆ ಅವ್ವ ಒಲೆ ಹಚ್ಚಲಿಲ್ಲ. 2018ರಲ್ಲಿ ತೀರ್ಪು ಬಂತು, ಕರ್ನಾಟಕಕ್ಕೆ 13.42 ಟಿಎಂಸಿ ಅಂದರು. ಆ ಅಂಕಿ ನಮ್ಮ ಕಡೆ ಸಣ್ಣ ಹುಡುಗರ ಬಾಯಲ್ಲೂ ಇದೆ. ನೀರು ಮಾತ್ರ ಇನ್ನೂ ಬಂದಿಲ್ಲ.

ಇಂಥ ಮನೆಯಿಂದ ಹೋದವಳಿಗೆ ಬೆಂಗಳೂರಿನ ಆ ಅಂತಾರಾಷ್ಟ್ರೀಯ ಮಾದರಿ ವಿಶ್ವಸಂಸ್ಥೆ ಸಮ್ಮೇಳನದಲ್ಲಿ ಈಜಿಪ್ಟ್ ಬಂತು. ವಿಷಯ, ಗಡಿ ದಾಟಿ ಹರಿಯುವ ನದಿಗಳ ಹಂಚಿಕೆ. ಅಲ್ಲಿ ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಯಾಗಿ ವಾದಿಸಬೇಕು. ದೇಶ ಯಾವುದೆಂದು ಆರಿಸಿಕೊಳ್ಳುವ ಹಾಗಿಲ್ಲ, ಅವರು ಕೊಟ್ಟಿದ್ದೇ ಸರಿ. ನಮ್ಮ ವಿಭಾಗದ ಮೇಡಂ, "ನೀರಿನ ವಿಷಯ, ನಿನಗ ಹೇಳಿಕೊಡೋದು ಬ್ಯಾಡ" ಅಂದಿದ್ದರು. ಅವರ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ರಾಣಿ ಚೆನ್ನಮ್ಮ ರೈಲಿನ ಟಿಕೆಟ್ ದುಡ್ಡನ್ನು ನಾಲ್ಕೂ ಜನರಿಗೆ ತಮ್ಮ ಕೈಯಿಂದ ಹಾಕಿದವರು ಅವರು. ಹಾಗೆ ಮಾಡಿದ್ದನ್ನು ಯಾರಿಗೂ ಹೇಳಿದವರೂ ಅಲ್ಲ.

ಒಂದು ತಿಂಗಳು ಓದಿದೆ. ಈಜಿಪ್ಟ್ ಮತ್ತು ಸುಡಾನ್ 1959ರಲ್ಲಿ ತಾವಿಬ್ಬರೇ ಕೂತು ನೈಲ್ ಹಂಚಿಕೊಂಡಿದ್ದು, ಅದರಲ್ಲಿ ಇಥಿಯೋಪಿಯಾವನ್ನು ಕೇಳಿದವರೇ ಇಲ್ಲದ್ದು, ಆ ಇಥಿಯೋಪಿಯಾ 2011ರಲ್ಲಿ ನೀಲಿ ನೈಲ್ ಮೇಲೆ ದೊಡ್ಡ ಅಣೆಕಟ್ಟಿಗೆ ಕೈಹಾಕಿ 2025ರ ಸೆಪ್ಟೆಂಬರ್ 9ರಂದು ಉದ್ಘಾಟಿಸಿದ್ದು. 1997ರ ವಿಶ್ವಸಂಸ್ಥೆಯ ಜಲ ಒಪ್ಪಂದವನ್ನಂತೂ ಸಾಲು ಸಾಲು ಓದಿದೆ. ಅದರಲ್ಲಿ ಎರಡು ಮಾತು ಅಕ್ಕಪಕ್ಕ ಇವೆ. ಒಂದು, ನದಿಯ ನೀರನ್ನು ಎಲ್ಲರೂ ನ್ಯಾಯವಾಗಿ ಬಳಸಬೇಕು. ಇನ್ನೊಂದು, ಒಬ್ಬರ ಬಳಕೆಯಿಂದ ಇನ್ನೊಬ್ಬರಿಗೆ ದೊಡ್ಡ ಹಾನಿ ಆಗಬಾರದು. ಮೇಲಿನವರು ಮೊದಲನೆಯದನ್ನು ಹಿಡಿಯುತ್ತಾರೆ, ಕೆಳಗಿನವರು ಎರಡನೆಯದನ್ನು. ಅವತ್ತು 103 ದೇಶಗಳು ಪರವಾಗಿ ಮತ ಹಾಕಿದವು, 3 ವಿರೋಧಿಸಿದವು, 27 ದೇಶಗಳು ಯಾವ ಕಡೆಗೂ ಹಾಕದೆ ಉಳಿದವು. ಆ 27ರಲ್ಲಿ ಈಜಿಪ್ಟ್ ಇದೆ, ಇಥಿಯೋಪಿಯಾ ಇದೆ, ಭಾರತವೂ ಇದೆ.

ಇಷ್ಟೆಲ್ಲ ಓದಿದವಳಿಗೆ ಅಪ್ಪ ಕೇಳಿದ ಆ ಪ್ರಶ್ನೆ ಒಂದು ಸಲವೂ ಹೊಳೆಯಲಿಲ್ಲವಲ್ಲ ಎಂಬುದೇ ನನಗೆ ಇವತ್ತಿಗೂ ತಡೆಯಲಾಗದ್ದು.

ಸಮ್ಮೇಳನದ ಮೊದಲ ದಿನ ಎದ್ದು ನಿಂತವಳೇ "ನನಗೆ ಅನಿಸುತ್ತದೆ" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಚೇರ್‌ನಲ್ಲಿದ್ದ ಹುಡುಗಿ ಸುತ್ತಿಗೆ ತಟ್ಟಿ ತಡೆದಳು. ಅಲ್ಲಿ 'ನಾನು' ಅನ್ನುವಂತಿಲ್ಲ. 'ಈಜಿಪ್ಟ್ ನಂಬುತ್ತದೆ', 'ಈಜಿಪ್ಟಿನ ಪ್ರತಿನಿಧಿ ಕೇಳಬಯಸುತ್ತಾರೆ' ಅನ್ನಬೇಕು. ಇದು ಇಂಥ ಸಮ್ಮೇಳನಗಳಲ್ಲಿ ಬಹಳ ಕಡೆ ಇರುವ ನಿಯಮ, ನನಗೂ ಗೊತ್ತಿತ್ತು, ಗಾಬರಿಗೆ ಮರೆತೆ. ತೊಂಬತ್ತು ಸೆಕೆಂಡಿನಲ್ಲಿ ಹದಿನೈದು ಅಲ್ಲೇ ಹೋದವು.

ಇಥಿಯೋಪಿಯಾ ಆಗಿದ್ದವನು ಬೆಂಗಳೂರಿನ ಲಾ ಓದುವ ಹುಡುಗ. ಮಾತು ನೀರು ಕುಡಿದಷ್ಟು ಸಲೀಸು. ಚಹಾ ವಿರಾಮದಲ್ಲಿ ತನ್ನ ಕರಡು ನಿರ್ಣಯಕ್ಕೆ ಇಪ್ಪತ್ತು ದೇಶಗಳ ಸಹಿ ಗುಡ್ಡೆ ಹಾಕಿಕೊಂಡು ಬಂದ. ಕೊನೆಗೆ ಬಹುಮಾನವೂ ಅವನಿಗೇ ಹೋಯಿತು. ಸಂಕಟವಾಯಿತು ನನಗೆ, ಸುಳ್ಳು ಯಾಕೆ ಹೇಳಲಿ. ಅವನ ಇಂಗ್ಲಿಷಿಗೆ ಅಲ್ಲ, ಇಂಗ್ಲಿಷ್ ಕಲಿತರೆ ಬರುತ್ತದೆ. ಮೂರು ದಿನ ನದಿಯ ಬಗ್ಗೆ ಮಾತಾಡಿದವನು 'ರೈತ' ಅನ್ನುವ ಶಬ್ದವನ್ನು ಒಮ್ಮೆಯೂ ಆಡಲಿಲ್ಲ, ಯಾರೂ ಅವನನ್ನು ಅದರ ಬಗ್ಗೆ ಕೇಳಲೂ ಇಲ್ಲ.

ಎರಡನೇ ದಿನ ಮಧ್ಯಾಹ್ನ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ನಾರ್ವೆ ಅಂತ ಇತ್ತು. ಅವನು ಸುಡಾನಿನವನು, ಬೆಂಗಳೂರಿನಲ್ಲಿ ಫಾರ್ಮಸಿ ಓದುತ್ತಾನೆ. ಮನೆ ಖಾರ್ಟೂಮ್. ಬಿಳಿ ನೈಲ್, ನೀಲಿ ನೈಲ್ ಎರಡೂ ಅಲ್ಲೇ ಕೂಡುತ್ತವೆ, ಸ್ವಲ್ಪ ದೂರದವರೆಗೆ ನೀರಿನ ಬಣ್ಣ ಬೇರೆ ಬೇರೆ ಕಾಣುತ್ತದೆ ಎಂದು ಎರಡೂ ಅಂಗೈ ಅಕ್ಕಪಕ್ಕ ಹಿಡಿದು ತೋರಿಸಿದ. 2023ರ ಏಪ್ರಿಲ್‌ನಲ್ಲಿ ಯುದ್ಧ ಹತ್ತಿದ ಮೇಲೆ ಅವನು ಊರಿಗೆ ಹೋಗಿಲ್ಲ. ಸಭೆಯಲ್ಲಿ ನಾವೆಲ್ಲ ಅವನ ಮನೆಯ ಮುಂದಿನ ನದಿಯ ಬಗ್ಗೆ ಜಗಳಾಡುತ್ತಿದ್ದೆವು. ಅವನು ನಾರ್ವೆಯಾಗಿ ಕೂತು, ಕಾಗದದಲ್ಲಿ ಬರೆದುಕೊಂಡಿದ್ದನ್ನು ಓದಿ ಕೂತುಬಿಟ್ಟ.

ಇದನ್ನೆಲ್ಲ ಮನೆಯಲ್ಲಿ ಹೇಳುತ್ತಿದ್ದೆ. ಘನ ಮೀಟರಿನ ಲೆಕ್ಕ ಅಪ್ಪನಿಗೆ ಬೇಡ, ಮೊಬೈಲ್ ತೆಗೆದು ಟಿಎಂಸಿಗೆ ಇಳಿಸಿದೆ. 1959ರ ಒಪ್ಪಂದದಲ್ಲಿ ಈಜಿಪ್ಟಿನ ಪಾಲು ವರ್ಷಕ್ಕೆ ಸುಮಾರು 1960 ಟಿಎಂಸಿ. ಇಥಿಯೋಪಿಯಾದ ಅಣೆಕಟ್ಟು ತುಂಬಿದರೆ 2600 ಟಿಎಂಸಿ ಹಿಡಿಯುತ್ತದೆ. ನಮ್ಮ ನವಿಲುತೀರ್ಥ ಅಣೆಕಟ್ಟು 37.73. ಅಪ್ಪ ಬಾಯಲ್ಲೇ ಲೆಕ್ಕ ಹಾಕಿದ.

"ಒಂದ ಡ್ಯಾಮಿನ್ಯಾಗ ಎಪ್ಪತ್ತ ನವಿಲುತೀರ್ಥ? ಮತ್ತ ನೀ ಏನಂದಿ?"

"ಮ್ಯಾಲಿನವ್ರು ನಮ್ಮನ್ನ ಕೇಳದ ನೀರು ನಿಲ್ಲಿಸಬಾರದು ಅಂದ್ನಿ. ನಾವು ಕೆಳಗಿನವ್ರು, ನಮಗ ಬ್ಯಾರೆ ನದಿ ಇಲ್ಲ ಅಂದ್ನಿ."

ಆಗ ಹೆಬ್ಬೆರಳು ನಿಂತಿದ್ದು. ಆಗ ಆ ಮಾತು ಬಂದಿದ್ದು.

ಹೌದಲ್ಲ. ಮಹದಾಯಿ ನಮ್ಮ ಬೆಳಗಾವಿ ಜಿಲ್ಲೆಯ ಕಾಡಿನಲ್ಲಿ ಹುಟ್ಟುತ್ತದೆ, ಕೆಳಗೆ ಗೋವಾದಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುತ್ತದೆ. ನಾವು ಮೇಲಿನವರು. ಬೆಂಗಳೂರಿನಲ್ಲಿ ಮೂರು ದಿನ ಎದೆ ತಟ್ಟಿ ನಾನು ಆಡಿದ ಒಂದೊಂದು ವಾಕ್ಯದಲ್ಲೂ ಈಜಿಪ್ಟ್ ತೆಗೆದು ಗೋವಾ ಇಟ್ಟರೆ ಎಲ್ಲ ಹಾಗೇ ಕೂರುತ್ತದೆ. ಉಪ್ಪು ನೀರು ಒಳಗೆ ನುಗ್ಗುತ್ತದೆ ಎಂದು ನೈಲ್ ಮುಖಜ ಭೂಮಿಯ ಬಗ್ಗೆ ಹೇಳಿದ್ದೆ. ಗೋವಾದವರು ಹೇಳುವುದೂ ಅದನ್ನೇ.

ನಾನು ಸುಮ್ಮನೆ ಕೂತೆ. ಅವ್ವ ಒಳಗಿನಿಂದ, "ಆಟದಾಗಿನ ಮಾತು ಅದು, ಹುಡುಗಿಗೆ ಯಾಕ ಹಂಗ ಅಂತೀರಿ" ಅಂದಳು. ಅಪ್ಪ ಅದಕ್ಕೆ ಕಿವಿಗೊಡಲಿಲ್ಲ.

"ಅಲ್ಲ, ಈಜಿಪ್ಟಿನ್ಯಾಗ ಮಳಿ ಎಷ್ಟ ಬೀಳ್ತೈತಿ?"

ಕೈರೋದಲ್ಲಿ ವರ್ಷಕ್ಕೆ 25 ಮಿಲಿಮೀಟರ್ ಅಂದೆ. ಅಪ್ಪ ಮತ್ತೊಮ್ಮೆ ಕೇಳಿದ, ಮತ್ತೊಮ್ಮೆ ಹೇಳಿದೆ. ನಮ್ಮಲ್ಲಿ ಒಳ್ಳೆಯ ಒಂದು ಅಡ್ಡಮಳೆ ಹೊಡೆದರೆ ಅಷ್ಟಾಗುತ್ತದೆ.

"ಮತ್ತ ಏನ ಬೆಳಿತಾರ?"

"ಗೋದಿ, ಭತ್ತ, ಕಬ್ಬು. ಹತ್ತಿಗೆ ಭಾಳ ಹೆಸರುವಾಸಿ."

"ಹತ್ತಿ ಬೆಳಿತಾರ?" ಅಪ್ಪ ನೆಟ್ಟಗೆ ಕೂತ. "ಎರಿ ನೆಲ ಏನ?"

ನದಿ ತಂದು ಹಾಕಿದ ಕಪ್ಪು ಮಣ್ಣು, ಹಿಂದಿನ ಕಾಲದಲ್ಲಿ ಅವರು ತಮ್ಮ ದೇಶವನ್ನೇ ಕರಿ ನೆಲ ಅಂತ ಕರೆಯುತ್ತಿದ್ದರು ಎಂದೆ. ಅಪ್ಪ ತಂಬಾಕು ಬಾಯಿಗೆ ಹಾಕಿಕೊಳ್ಳುವುದನ್ನೇ ಮರೆತ. ಅಜ್ಜನ ಕಾಲದಲ್ಲಿ ನಮ್ಮ ಹೊಲದಲ್ಲಿ ಜಯಧರ ಹತ್ತಿ ಇತ್ತಂತೆ. ಮಳೆ ನಂಬಿ ಬೆಳೆಯುವ ಹತ್ತಿ. ಅದನ್ನು ಹೇಳಿದ. ಈಜಿಪ್ಟಿನ ಹತ್ತಿಯ ಎಳೆ ಎಷ್ಟು ಉದ್ದ, ಬಿಡಿಸಲು ಆಳು ಸಿಗುತ್ತಾರೋ, ಕಾಲುವೆ ನೀರು ಪಾಳಿ ಪ್ರಕಾರ ಬಿಡುತ್ತಾರೋ ಎಂದು ಕೇಳಿದ. ಎಳೆ ಉದ್ದ ಅನ್ನುವುದೊಂದು ಬಿಟ್ಟರೆ ಉಳಿದದ್ದು ನನಗೆ ಗೊತ್ತಿರಲಿಲ್ಲ. ಈಜಿಪ್ಟಿನ ನಿಲುವು ಬರೆದಿದ್ದ ನನ್ನ ಪೊಸಿಷನ್ ಪೇಪರಿನಲ್ಲಿ ನಲವತ್ತು ಅಡಿಟಿಪ್ಪಣಿ ಇದ್ದವು, ಇದು ಒಂದೂ ಇರಲಿಲ್ಲ. ಸಂಜೆಯಿಂದ ಇಥಿಯೋಪಿಯಾದ ಹುಡುಗನನ್ನು ಬೈದುಕೊಂಡಿದ್ದೆ. ಬೈಯುವ ಹಕ್ಕು ನನಗೂ ಇರಲಿಲ್ಲ.

"ಈಗ ಕನ್ನಡದಾಗ ಹೇಳು," ಅಂದ ಅಪ್ಪ. "ಅಲ್ಲಿ ಹೇಳಿದ್ದನ್ನ. ನಾ ಇಥಿಯೋಪಿಯಾ ಆಗ್ತೀನಿ."

ಹೇಳಿದೆ. 'ಈಜಿಪ್ಟ್ ನಂಬುತ್ತದೆ' ಅಂತ ಅಪ್ಪನ ಎದುರು ಬಾಯಿಗೆ ಬರಲಿಲ್ಲ, 'ನಾವು' ಅಂತಲೇ ಬಂತು. ನಮ್ಮ ಹೊಲ, ನಮ್ಮ ಕಾಲುವೆ, ನೀವು ಮೇಲೆ ಗೇಟು ಇಳಿಸಿದರೆ ನಮ್ಮ ಗತಿ ಏನು ಅಂದೆ. ಅಪ್ಪ ಉತ್ತರ ಕೊಟ್ಟ. ನಮ್ಮ ನೆಲದಾಗ ಹುಟ್ಟಿದ ನೀರು, ನಮ್ಮ ಮನ್ಯಾಗ ಕರೆಂಟ್ ಇಲ್ಲ, ಒಪ್ಪಂದ ಮಾಡಿಕೊಳ್ಳುವಾಗ ನಮ್ಮನ್ನ ಕರದಿದ್ರೇನ? ಹತ್ತು ವರ್ಷ ಪೆಂಡಾಲಿನಲ್ಲಿ ಕೂತವನ ಮಾತು ಅದು. ಆ ಲಾ ಹುಡುಗ ಅದರ ಮುಂದೆ ಏನೂ ಅಲ್ಲ. ನಾನು ಕೊನೆಗೆ, ನೀರು ಒಯ್ಯಿರಿ, ಬರಗಾಲದ ವರ್ಷ ಎಷ್ಟು ಬಿಡ್ತೀರಿ ಅದನ್ನ ಬರೆದು ಕೊಡ್ರಿ ಅಂದೆ. ಈಜಿಪ್ಟ್ ನಿಜವಾಗಿ ಪಟ್ಟು ಹಿಡಿದಿರುವುದೂ ಅದಕ್ಕೇ. ಅಪ್ಪ ತುಸು ಹೊತ್ತು ಏನೂ ಅನ್ನಲಿಲ್ಲ. "ಅದು ಕೇಳೂ ಮಾತ" ಅಂದ. ಗೋವಾದವರು ಏನಂತಾರೆ ಎಂದು ಇಷ್ಟು ವರ್ಷದಲ್ಲಿ ತಾನು ಒಬ್ಬರ ಬಾಯಿಂದಲೂ ಕೂತು ಕೇಳಿಲ್ಲ ಎಂದೂ ಅಂದ. ನಾನೂ ಕೇಳಿಲ್ಲ. ಟೀವಿಯಲ್ಲಿ ಕೂಗುವವರನ್ನು ನೋಡಿದ್ದೇನೆ, ಅಷ್ಟೇ. ಅಲ್ಲಿಯ ಒಬ್ಬ ರೈತ ಹೆಂಗಸಿನ ಹೆಸರು ನನಗೆ ಗೊತ್ತಿಲ್ಲ, ಅವಳು ಏನು ಬಿತ್ತುತ್ತಾಳೆ ಗೊತ್ತಿಲ್ಲ.

ನಮ್ಮ ನೀರು ನಮಗೆ ಬರಬೇಕು. ಅದರಲ್ಲಿ ಒಂದು ಹನಿಯೂ ನಾನು ಕಡಿಮೆ ಮಾಡಿ ಮಾತಾಡುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ನಲ್ಲಿ ಬರುವ ದಿನ ಎಣಿಸಿ ಕೊಡ ತುಂಬಿಸುವವರನ್ನು ದಿನಾ ನೋಡುತ್ತೇನೆ. ಆದರೆ ಈಗ 'ನಮ್ಮ ನೀರು' ಅನ್ನುವಾಗಲೆಲ್ಲ, ಕೆಳಗೆ ಯಾರೋ ಒಬ್ಬಳು ಅದೇ ಮಾತನ್ನು ಕೊಂಕಣಿಯಲ್ಲಿ ಅನ್ನುತ್ತಿರುವುದು ಕಿವಿಗೆ ಬೀಳುತ್ತದೆ.

ಸೋಮವಾರ ಬೆಳಿಗ್ಗೆ ನರಗುಂದ ಬಸ್ ಸ್ಟ್ಯಾಂಡಿಗೆ ಅಪ್ಪನೇ ಬಿಡಲು ಬಂದ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು ಕೇಳಿದ್ದು ಈಜಿಪ್ಟ್ ಅಲ್ಲ, ಗೋವಾ ಅಲ್ಲ.

"ಆ ಸುಡಾನ ಹುಡುಗ ಅಂದ್ಯಲ್ಲ. ಹೊಳಿ ಕೂಡೂ ಕಡೆ ಮನಿ ಇತ್ತಂತ. ಆ ಮನಿ ಐತೇನ ಈಗ?"

ಅವನ ನಂಬರ್ ನನ್ನ ಹತ್ತಿರ ಇದೆ. ಇನ್ನೂ ಕೇಳಿಲ್ಲ.