ಗೋಡೆ ಕರಗಿಸಿ ಮನುಷ್ಯನನ್ನು ಬದಲಿಸುವುದು

ಹಾಸನ, ಚಿಕ್ಕಮಗಳೂರು ಕಡೆಯ ಕಿರುಚಿತ್ರ ತಂಡಗಳು ಇಬ್ಬಗೆಯ ಬದುಕಿನ ಕಥೆ ಕೈಗೆತ್ತಿಕೊಂಡರೆ ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ. ಹಗಲಿನ ಮುಖ, ಒಂದು ಕಟ್, ರಾತ್ರಿಯ ಮುಖ, ಹಿಂದೆ ಧಡ್ ಅಂತ ಒಂದು ಸದ್ದು. ಕಟ್ ಬಿದ್ದ ಕೂಡಲೇ ನೋಡುವವರಿಗೆ ಇದು ಬೇರೆ, ಅದು ಬೇರೆ ಎಂದು ಗೊತ್ತಾಗಿಬಿಡುತ್ತದೆ. ಗುಟ್ಟು ಅಲ್ಲಿಗೇ ಸತ್ತಿತು.

ಇದಕ್ಕೆ ಪಾಠದ ಹಾಗೆ ನೋಡಬೇಕಾದ ಸಿನಿಮಾ 2002ರ ‘ಕನ್ಫೆಷನ್ಸ್ ಆಫ್ ಎ ಡೇಂಜರಸ್ ಮೈಂಡ್’. ಜಾರ್ಜ್ ಕ್ಲೂನಿ ನಿರ್ದೇಶಿಸಿದ ಮೊದಲ ಚಿತ್ರ, ಚಿತ್ರಕಥೆ ಚಾರ್ಲಿ ಕೌಫ್‌ಮನ್, ಅವಧಿ 113 ನಿಮಿಷ. ಕಥಾನಾಯಕ ಚಕ್ ಬ್ಯಾರಿಸ್ ನಿಜವಾಗಿ ಬದುಕಿದ್ದ ಮನುಷ್ಯ. 1965ರಲ್ಲಿ ‘ದಿ ಡೇಟಿಂಗ್ ಗೇಮ್’, ಮರುವರ್ಷ ‘ದಿ ನ್ಯೂಲಿವೆಡ್ ಗೇಮ್’, 1976ರಲ್ಲಿ ‘ದಿ ಗಾಂಗ್ ಶೋ’ ಎಂಬ ಟಿ.ವಿ. ಕಾರ್ಯಕ್ರಮಗಳನ್ನು ತೆರೆಗೆ ತಂದವನು. ಗಾಂಗ್ ಶೋನಲ್ಲಿ ನಿರೂಪಕನೂ ಅವನೇ. ಹಾಡುವವರ, ಕುಣಿಯುವವರ ಆಟ ಸಹಿಸಲಾಗದಿದ್ದರೆ ತೀರ್ಪುಗಾರರು ಎದ್ದು ಜಾಗಟೆ ಬಾರಿಸಿ ಇಳಿಸುತ್ತಿದ್ದರು. ಗೆದ್ದವರಿಗೆ ಸಿಗುತ್ತಿದ್ದುದು 516 ಡಾಲರ್ 32 ಸೆಂಟ್. ಇಂಥವನು 1984ರಲ್ಲಿ ಆತ್ಮಕಥೆ ಬರೆದು, ಟಿ.ವಿ. ಕೆಲಸದ ಮರೆಯಲ್ಲಿ ತಾನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗಾಗಿ ಕೊಲೆ ಮಾಡುತ್ತಿದ್ದೆ ಎಂದುಬಿಟ್ಟ. ಸಿಐಎ ಅಲ್ಲಗಳೆಯಿತು. ಬ್ಯಾರಿಸ್ 2017ರಲ್ಲಿ ತೀರಿಕೊಂಡ.

ಕ್ಲೂನಿಯ ಜಾಣತನ ಇರುವುದು ಇಲ್ಲಿ. ಅವನ ತಂದೆ ನಿಕ್ ಕ್ಲೂನಿ ಕೂಡ ಟಿ.ವಿ. ನಿರೂಪಕ, ಸ್ಟುಡಿಯೋ ವಾಸನೆ ಮಗನಿಗೆ ಚಿಕ್ಕಂದಿನಿಂದ ಗೊತ್ತು. ಬ್ಯಾರಿಸ್ ಮಾತು ನಿಜವೋ ಸುಳ್ಳೋ ಎಂದು ತೀರ್ಪು ಕೊಡುವ ಗೋಜಿಗೆ ಹೋಗದೆ, ಹಳೆಯ ಲೈವ್ ಟಿ.ವಿ. ಮತ್ತು ನಾಟಕದ ತಂತ್ರಗಳಿಂದ ಎರಡೂ ಬದುಕನ್ನು ಒಂದೇ ಶಾಟ್‌ಗೆ ಕಟ್ಟಿದ. ಎನ್‌ಬಿಸಿ ಟಿ.ವಿ. ಸಂಸ್ಥೆಯ ಕಟ್ಟಡ ನೋಡಲು ಬಂದವರ ಗುಂಪಿನಲ್ಲಿದ್ದ ಬ್ಯಾರಿಸ್, ಕ್ಯಾಮೆರಾ ಅತ್ತಿತ್ತ ಸರಿಯುವಷ್ಟರಲ್ಲಿ ಸಮವಸ್ತ್ರ ತೊಟ್ಟು ಅದೇ ಕಟ್ಟಡ ತೋರಿಸುವ ಗೈಡ್ ಆಗಿರುತ್ತಾನೆ. ಪಾತ್ರ ಮಾಡಿದ ಸ್ಯಾಮ್ ರಾಕ್‌ವೆಲ್ ಕ್ಯಾಮೆರಾ ಹಿಂದೆ ಓಡಿ ಬಟ್ಟೆ ಬದಲಿಸಿ ಮತ್ತೆ ಚೌಕಟ್ಟಿಗೆ ಬರಬೇಕಿತ್ತು. (ಈ ಪಾತ್ರಕ್ಕೆ ಅವನಿಗೆ 2003ರ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟನ ‘ಬೆಳ್ಳಿ ಕರಡಿ’ ಪ್ರಶಸ್ತಿ ಬಂತು. ಓಡಿದ್ದಕ್ಕೇ ಅರ್ಧ ಕೊಡಬಹುದಿತ್ತು.) ಇನ್ನೊಂದು ಕಡೆ ಫೋನಿನ ಎರಡೂ ತುದಿಯ ಜನ ಒಂದೇ ಫ್ರೇಮಿನಲ್ಲಿ, ಒಂದೇ ಸೆಟ್ಟಿನಲ್ಲಿ ಮಾತಾಡುತ್ತಾರೆ. ಕಂಪ್ಯೂಟರ್ ಕೆಲಸವಲ್ಲ, ಬಡಗಿಯ ಮತ್ತು ಲೈಟ್‌ಬಾಯ್‌ಗಳ ಕೆಲಸ. ಹಾಗಾಗಿ ನಮ್ಮೂರಲ್ಲೂ ಆಗುತ್ತದೆ.

ಮೊದಲು ಜಾಗ. ಕಲ್ಯಾಣ ಮಂಟಪ ಆಷಾಢದಲ್ಲಿ ಖಾಲಿ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು, ಆದರೆ ಚಿಕ್ಕಮಗಳೂರಿನ ಆಷಾಢದಲ್ಲಿ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿಗೆ ಒಂದು ಮಾತೂ ರೆಕಾರ್ಡ್ ಆಗುವುದಿಲ್ಲ. ಪ್ಲೈವುಡ್ ಕೂಡ ತೇವ ಕುಡಿದು ಬಾಗುತ್ತದೆ. ಪಿತೃಪಕ್ಷ ವಾಸಿ: ಮದುವೆ ಇಲ್ಲ, ಮಳೆ ಇಳಿಮುಖ. ತೋಟದವರ ಪರಿಚಯವಿದ್ದರೆ ಕಾಫಿ ಗೋದಾಮೂ ಆಗ ಖಾಲಿ. ಅರೇಬಿಕಾ ಕೊಯ್ಲು ಶುರುವಾಗಿ ಮೂಟೆ ಬಂದು ಬೀಳುವುದು ನವೆಂಬರ್ ನಂತರ. ಗೋದಾಮಿನ ಒಂದೇ ತೊಂದರೆ ಸುಣ್ಣ ಬಳಿದ ಗೋಡೆ. ಅದರ ಕಥೆ ಮುಂದೆ ಬರುತ್ತದೆ.

ಫೋನ್ ದೃಶ್ಯಕ್ಕೆ ಬೇಕಾದ್ದು ಕರಗುವ ಗೋಡೆ. ಬೂದು ಅಥವಾ ಕಪ್ಪು ಬಣ್ಣದ ಸೊಳ್ಳೆ ಪರದೆ ಬಟ್ಟೆಯನ್ನು 8 ಅಡಿ ಎತ್ತರ, 8 ಅಡಿ ಅಗಲದ ಸಿಲ್ವರ್ ಓಕ್ ಮರದ ರೀಪರ್ (ತೆಳು ಪಟ್ಟಿ) ಚೌಕಟ್ಟಿಗೆ ಎಳೆದು ಸ್ಟೇಪಲ್ ಹೊಡೆಯಿರಿ. ಬಿಗಿ ಸಾಲದಿದ್ದರೆ ಫ್ಯಾನ್ ಗಾಳಿಗೂ ಗೋಡೆ ಉಸಿರಾಡುತ್ತದೆ. ಅದರ ಮೇಲೆ ಸ್ಪಾಂಜಿನಿಂದ ತೆಳುವಾಗಿ ಗೋಡೆ ಬಣ್ಣ ಒತ್ತಿ, ಒಂದು ಕ್ಯಾಲೆಂಡರ್ ಚಿತ್ರವನ್ನೂ ಬಿಡಿಸಿ. ಬ್ರಷ್ ಹಾಕಿದರೆ ಬಟ್ಟೆಯ ಸಣ್ಣ ತೂತುಗಳು ಮುಚ್ಚಿಹೋಗುತ್ತವೆ. ಬಟ್ಟೆಗೆ ಮುಂದಿನಿಂದ ಓರೆಯಾಗಿ ಬೆಳಕು ಬಿದ್ದು ಹಿಂದೆ ಕತ್ತಲಿದ್ದರೆ ಅದು ಗೋಡೆ. ಮುಂದಿನ ಬೆಳಕು ಇಳಿದು ಹಿಂದಿನದು ಏರಿದರೆ ಗೋಡೆ ಮಾಯ, ಆಚೆ ಕೂತವನು ಫೋನ್ ಹಿಡಿದು ಮಾತಾಡುತ್ತಿರುತ್ತಾನೆ.

ಲೈಟನ್ನು ಕ್ಯಾಮೆರಾ ಪಕ್ಕ ಇಡಬೇಡಿ. ಬೆಳಕು ನೇರವಾಗಿ ಬಟ್ಟೆ ತೂರಿ ಹಿಂದೆ ಹೋದರೆ ಆಚೆಯವನು ಮೊದಲೇ ದೆವ್ವದಂತೆ ಕಾಣುತ್ತಾನೆ. ಪಕ್ಕದಿಂದ, 45 ಡಿಗ್ರಿಗಿಂತ ಹೆಚ್ಚು ಓರೆಯಲ್ಲಿ, ಮೇಲಿನಿಂದ ಕೊಡಿ. ಹಿಂದಿನ ಕುರ್ಚಿ ಮೇಜು ಬಟ್ಟೆಯಿಂದ 4 ಅಡಿಯಾದರೂ ದೂರವಿರಲಿ. ಇಷ್ಟಾದರೂ ಹಿಂದೆ ಮಬ್ಬು ಬೆಳಕು ತೇಲುತ್ತಿದ್ದರೆ ಕಳ್ಳ ಆ ಸುಣ್ಣದ ಗೋಡೆಯೇ. ಸುತ್ತ ಕಪ್ಪು ಬಟ್ಟೆ ಕಟ್ಟದೆ ಗತಿಯಿಲ್ಲ.

ಲೆನ್ಸ್ ವಿಷಯಕ್ಕೆ ಬಂದರೆ, ಮುಂದಿನ ನಟ ಕ್ಯಾಮೆರಾದಿಂದ 8 ಅಡಿಯಲ್ಲಿ, ಹಿಂದಿನವನು 16 ಅಡಿಯಲ್ಲಿ ಎಂದಿಟ್ಟುಕೊಳ್ಳಿ. ಎಪಿಎಸ್-ಸಿ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕದು) ಇರುವ ಕ್ಯಾಮೆರಾಕ್ಕೆ 24 ಎಂಎಂ ಲೆನ್ಸ್ ಹಾಕಿ, ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 4ರಲ್ಲಿಟ್ಟು 10 ಅಡಿಗೆ ಫೋಕಸ್ ಕಟ್ಟಿದರೆ ಹೆಚ್ಚುಕಡಿಮೆ 7 ಅಡಿಯಿಂದ 16 ಅಡಿಯವರೆಗೆ ಎಲ್ಲವೂ ಚೊಕ್ಕ. ಕಿಂಡಿಯನ್ನು ಎಫ್ 2.8ಕ್ಕೆ ಬಿಚ್ಚಿದರೆ ಆಚೆಯವನು ಮಸುಕು. ಪರದೆಯೂ ಫೋಕಸ್ಸಿನೊಳಗೇ ಬರುವುದರಿಂದ ಅದರ ಹೆಣಿಗೆ ಸೆನ್ಸರ್ ಮೇಲೆ ಅಲೆ ಅಲೆಯಾದ ಗೆರೆ ಎಬ್ಬಿಸಬಹುದು. ಮೊಬೈಲ್ ಪರದೆಯಲ್ಲಿ ಅದು ಕಾಣುವುದಿಲ್ಲ, ದೊಡ್ಡ ಮಾನಿಟರ್‌ಗೆ ಹಾಕಿ ನೋಡಿ. ಕಂಡರೆ ಕ್ಯಾಮೆರಾವನ್ನು ಅರ್ಧ ಅಡಿ ಹಿಂದೆ ಮುಂದೆ ಮಾಡಿ, ಅಥವಾ ಸ್ವಲ್ಪ ಓರೆ ತಿರುಗಿಸಿ. ಹೋಗದಿದ್ದರೆ ಇನ್ನೂ ನುಣುಪು ಹೆಣಿಗೆಯ ಬಟ್ಟೆಯೇ ಮದ್ದು.

ಬೆಳಕು ಇಳಿಸುವಾಗ ಅಗ್ಗದ ಎಲ್‌ಇಡಿ ಪ್ಯಾನೆಲ್‌ಗಳು ಕೈಕೊಡುತ್ತವೆ. ನೂರರಿಂದ ಹತ್ತರವರೆಗೆ ಚೆನ್ನಾಗಿ ಇಳಿದು, ಅಲ್ಲಿಂದ ಪಟ್ ಎಂದು ಆರುತ್ತವೆ. ಹ್ಯಾಲೊಜೆನ್ ನಯವಾಗಿ ಇಳಿಯುತ್ತದೆ, ಆದರೆ ಇಳಿದಂತೆ ಕೆಂಪಗಾಗುತ್ತದೆ. ಹಳೇ ಕಾಲದ ದೃಶ್ಯಕ್ಕೆ ಅದು ಒಪ್ಪುತ್ತದೆ ಎಂದೇ ನಮ್ಮ ಅಭಿಪ್ರಾಯ. 500 ವಾಟ್‌ನ ಎರಡು ಹಚ್ಚಿದರೆ 4 ಆಂಪಿಯರ್ ದಾಟುತ್ತದೆ, ಮಂಟಪದ ಹಳೇ 5 ಆಂಪಿಯರ್ ಪಾಯಿಂಟ್‌ಗೆ ಚುಚ್ಚದೆ ಪವರ್ ಪ್ಲಗ್‌ನಿಂದ ಎಳೆಯಿರಿ. ಬೆಳಕು ತಗ್ಗಿಸುವ ಡಿಮ್ಮರ್ ಇಲ್ಲದವರು ಲೈಟಿನ ಮುಂದೆ ಕಟ್ಟರ್ (ಬೆಳಕು ತಡೆಯುವ ಹಲಗೆ) ಜಾರಿಸಿದರೂ ಸಾಕು. ಕಟ್ಟರ್ ಲೈಟಿಗೆ ಹತ್ತಿರವಿದ್ದಷ್ಟೂ ನೆರಳಿನ ಅಂಚು ಮೃದು, ಹಾಗಂತ ಹ್ಯಾಲೊಜೆನ್‌ಗೆ ಥರ್ಮಾಕೋಲ್ ಹಿಡಿದರೆ ಕರಗಿ ಹೊಗೆಯಾಡುತ್ತದೆ. ಪ್ಲೈ ತುಂಡು ಹಿಡಿಯಿರಿ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಜ್, ಬೇರೆ ಲೆಕ್ಕ ಹಾಕಿದರೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ. ಜನರೇಟರ್ ಮೇಲೆ ಇದ್ದರೆ 1/50 ಇಟ್ಟರೂ ಓಡಬಹುದು.

ಇನ್ನು ಓಡುವ ಶಾಟ್. ಉದಾಹರಣೆಗೆ ಸ್ಥಳೀಯ ಕೇಬಲ್ ಚಾನೆಲ್ಲಿನ ನಿರೂಪಕ, ಎಡಗಡೆ ಕೋಟು ತೊಟ್ಟು ನಗುತ್ತಾ ನಿಂತಿದ್ದಾನೆ. ಕ್ಯಾಮೆರಾ ಬಲಕ್ಕೆ 90 ಡಿಗ್ರಿ ತಿರುಗಿದಾಗ ಅವನೇ ತೋಟದ ರೈಟರನ (ಗುಮಾಸ್ತನ) ಸ್ವೆಟರಿನಲ್ಲಿ ಮಸ್ಟರ್ (ಆಳುಗಳ ಹಾಜರಿ) ಬರೆಯುತ್ತಿರಬೇಕು. ಹೀಗೆ ಕ್ಯಾಮೆರಾ ಅಡ್ಡಕ್ಕೆ ತಿರುಗಿಸುವ ಪ್ಯಾನ್ ತೀರಾ ಬೇಗ ಮಾಡಿದರೆ ಚಿತ್ರ ಜಿಗಿಯುತ್ತದೆ. ಯಾವುದೇ ವಸ್ತು ಫ್ರೇಮಿನ ಒಂದಂಚಿನಿಂದ ಇನ್ನೊಂದಕ್ಕೆ ದಾಟಲು 7 ಸೆಕೆಂಡ್ ಬೇಕು. ಅದೇ 24 ಎಂಎಂ ಲೆನ್ಸಿನಲ್ಲಿ ಈ ಲೆಕ್ಕಕ್ಕೆ 90 ಡಿಗ್ರಿಗೆ 12 ಸೆಕೆಂಡ್. ತಂಡಗಳು ಎಡವುವುದು ಇಲ್ಲೇ, ನಟನಿಗೆ 12 ಸೆಕೆಂಡ್ ಸಿಕ್ಕಿತು ಎಂದುಕೊಳ್ಳುತ್ತವೆ. ಅವನು ಫ್ರೇಮಿನ ನಡುವೆ ನಿಂತಿದ್ದರೆ ಹೊರಬೀಳಲು ಮೂರೂವರೆ ಸೆಕೆಂಡ್ ಹೋಯಿತು. ಕೊನೆಯಲ್ಲೂ ನಡುವೆ ಕೂರಬೇಕಿದ್ದರೆ ಇನ್ನು ಮೂರೂವರೆ ಮೊದಲೇ ಕಾಣಲು ಶುರು. ಕೈಯಲ್ಲಿ ಉಳಿದಿದ್ದು 5.

ಅದಕ್ಕೇ ಶುರುವಿನಲ್ಲಿ ಅವನನ್ನು ಫ್ರೇಮಿನ ಎಡ ಅಂಚಿಗೆ, ಕೊನೆಯಲ್ಲಿ ಬಲ ಅಂಚಿಗೆ ಹಾಕಿ. ಮಧ್ಯೆ ಇನ್ನೊಂದು ಪಾತ್ರದ ಮೇಲೆ ಪ್ಯಾನ್ ನಿಲ್ಲಿಸಿ 6 ಸೆಕೆಂಡಿನ ಮಾತು ಕೊಡಿ. ಮೇಕಪ್ ಹುಡುಗಿಯೋ, ಕಾಫಿ ತಂದವನೋ, ಯಾರಾದರೂ ಸರಿ. ಈಗ 18 ಸೆಕೆಂಡ್. ಕ್ಯಾಮೆರಾ ಹಿಂದಿನಿಂದ ಸುತ್ತಿ ಬರಲು ಸುಮಾರು 25 ಅಡಿ, 4 ಸೆಕೆಂಡ್, ಬಟ್ಟೆಗೆ 6, ಮಿಕ್ಕಿದ್ದು ಉಸಿರು ಹಿಡಿಯಲು. ಉಸಿರಿನ ಬಗ್ಗೆ ಯಾರೂ ಯೋಚಿಸುವುದಿಲ್ಲ. ಬಂದು ಕೂತವನ ಎದೆ ಏರಿಳಿಯುತ್ತಿದ್ದರೆ ಆಟ ಬಯಲು. ಮೊದಲ ಮಾತು ಎದುರಿನವನದಿರಲಿ, ಇವನು ತಲೆ ಬಗ್ಗಿಸಿ ಬರೆಯುತ್ತಿರಲಿ.

ಕೋಟಿನ ಗುಂಡಿಗಳನ್ನು ಸುಮ್ಮನೆ ಮೇಲೆ ಹೊಲಿದು ಒಳಗೆ ವೆಲ್‌ಕ್ರೊ ಹಾಕಿ. ಸ್ವೆಟರ್ ಮುಂದೆ ತೆರೆಯುವಂಥದ್ದಿರಲಿ, ತಲೆಯ ಮೇಲಿಂದ ಹಾಕುವುದಾದರೆ ಕೂದಲು ಕೆದರುತ್ತದೆ. ಆದರೆ ವೆಲ್‌ಕ್ರೊ ಕಿತ್ತ ಪರ್ ಸದ್ದು ಮೈಕಿಗೆ ಚೆನ್ನಾಗಿ ಕೇಳುತ್ತದೆ, ಮಧ್ಯದ ಪಾತ್ರದ ಜೋರು ಮಾತಿಗೆ ಸರಿಯಾಗಿ ಕೀಳಬೇಕು. ನಟನಿಗೆ ಕಾಲರ್ ಮೈಕ್ ಹಾಕಬೇಡಿ, ವೈರು ಕೋಟಿನ ಜೊತೆ ಕಿತ್ತು ಬರುತ್ತದೆ, ಬೂಮ್ (ಕೋಲಿಗೆ ಕಟ್ಟಿದ ಮೈಕ್) ಹಿಡಿಯಿರಿ. ಶೂ ಬಿಚ್ಚಿಸಿ ಓಡಿಸಿದರೆ ಕಾಲ್ಚೀಲ ರೆಡ್ ಆಕ್ಸೈಡ್ ನೆಲದಲ್ಲಿ ಜಾರುತ್ತದೆ. ದಾರಿಯುದ್ದ ಗೋಣಿ ಚೀಲ ಹಾಸಿ ಅಂಚಿಗೆ ಟೇಪ್ ಹೊಡೆಯಿರಿ, ಸದ್ದೂ ಇಲ್ಲ, ಜಾರಿಕೆಯೂ ಇಲ್ಲ. ಓಡುವ ದಾರಿ ಲೈಟುಗಳ ಹಿಂದಿರಬೇಕು, ಮುಂದಾದರೆ ನೆರಳು ಸೆಟ್ಟಿನ ಮೇಲೆ ಓಡುತ್ತದೆ. ಸೂಚನೆ ಕೊಡುವವರು ಒಬ್ಬರೇ ಇರಲಿ, ಟಾರ್ಚಿನಿಂದ ಕೊಡಲಿ.

ಇಷ್ಟೆಲ್ಲ ಕಲಿತ ಮೇಲೆ ಪ್ರತಿ ದೃಶ್ಯಕ್ಕೂ ಇದನ್ನೇ ತುರುಕುವ ಆಸೆ ಬರುತ್ತದೆ. ಬೇಡ. ಕ್ಲೂನಿಯ ಚಿತ್ರದಲ್ಲೂ ಈ ತಂತ್ರ ಹೊಳೆಯುವುದು ಬ್ಯಾರಿಸ್ ಮೇಲೇರುವ ಹಂತದಲ್ಲಿ. ಡೇಟಿಂಗ್ ಗೇಮ್ ಗೆದ್ದ ಜೋಡಿಗಳ ಜೊತೆ ಕಾವಲಿಗೆಂದು ಹೆಲ್ಸಿಂಕಿ, ಪಶ್ಚಿಮ ಬರ್ಲಿನ್‌ಗೆ ಹೋಗಿ ಅಲ್ಲಿ ಕೊಲೆ ಮಾಡುವ ಭಾಗಗಳು ಅದರ ಮುಂದೆ ಮಾಮೂಲಿ ಗೂಢಚಾರ ಸಿನಿಮಾದಂತಿವೆ.

ಕ್ಲೂನಿಯ ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ, ಪರಿಣಾಮ ಮಾತ್ರ ಎಲ್ಲಕ್ಕಿಂತ ಹೆಚ್ಚು. ಬ್ಯಾರಿಸ್‌ನನ್ನು ಬಲ್ಲ ಡಿಕ್ ಕ್ಲಾರ್ಕ್, ಜಿಮ್ ಲ್ಯಾಂಗ್ ಮೊದಲಾದ ನಿಜವಾದ ಟಿ.ವಿ. ಜನರನ್ನೇ ಕೂರಿಸಿ ಮಾತಾಡಿಸಿ ಕಥೆಯ ನಡುನಡುವೆ ಸೇರಿಸಿದ್ದಾನೆ. ನಿಜದ ಮುಖ ಪಕ್ಕದಲ್ಲಿದ್ದರೆ ಕಟ್ಟುಕಥೆಗೂ ಸಾಕ್ಷಿ ಬಂದಂತೆ. ಊರಿನ ಹಳೇ ಧ್ವನಿವರ್ಧಕದವರನ್ನೋ, ಆರ್ಕೆಸ್ಟ್ರಾ ಹಾಡುಗಾರರನ್ನೋ ಕಿಟಕಿ ಬೆಳಕಿನಲ್ಲಿ ಕೂರಿಸಿ, ಬರೆದ ಮಾತು ಕೊಡದೆ, ಬರೀ ಪ್ರಶ್ನೆ ಕೇಳಿ. ಹಿಂದೆ ಫ್ಯಾನ್, ಫ್ರಿಜ್ ಆರಿಸಿರಿ. ಕಥೆ ಕಲ್ಪನೆಯದ್ದು, ತಮ್ಮ ಮಾತನ್ನು ಎಲ್ಲಿ ಜೋಡಿಸುತ್ತೀರಿ ಎಂಬುದನ್ನು ಅವರಿಗೆ ಮೊದಲೇ ವಿವರಿಸಿ, ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮೇಲೆಯೇ ಕ್ಯಾಮೆರಾ ಹಚ್ಚಿ.