ಮನೆಯಲ್ಲೇ ಇರುತ್ತೀರಾ? ಹೊತ್ತು ಹೇಗೆ ಹೋಗುತ್ತದೆ?

ಈ ಪ್ರಶ್ನೆಗೆ ಇನ್ನು ಮುಂದೆ ಬಾಯಿಂದ ಉತ್ತರ ಕೊಡುವುದಿಲ್ಲ. ಕೇಳಿದವರಿಗೆ ಈ ಬರಹ ಕಳುಹಿಸುತ್ತೇನೆ. ಇಷ್ಟುದ್ದ ಓದಲು ಹೊತ್ತಿಲ್ಲ ಎಂದು ಅವರು ಹೇಳಿದರೆ, ಹೌದೇ, ನಿಮ್ಮ ಹೊತ್ತು ಎಲ್ಲಿ ಹೋಯಿತು ಎಂದು ನಾನು ಕೇಳುತ್ತೇನೆ.

ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ ಎಂದು ಮೊದಲ ಸಾಲು ಬರೆದಿದ್ದೆ. ಅಳಿಸಿದೆ. ಒಂಬತ್ತು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ, ಮನಸ್ಸು ಒಳ್ಳೆಯದೋ ಕೆಟ್ಟದ್ದೋ ಎಂದು ಜಾಲಿಸಿ ನೋಡುವ ತಾಳ್ಮೆ ಉಳಿದಿಲ್ಲ. ಅದಕ್ಕೂ ಮೊದಲು ನಾನು ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದೆ. ಯಾಕೆ ಬಿಟ್ಟಿರಿ ಎನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಇಲ್ಲಿ ಉತ್ತರವಿಲ್ಲ.

ಮೊದಲು ‘ಮನೆಯಲ್ಲೇ’ ಎಂಬುದರ ಕೊನೆಯ ಆ ದೀರ್ಘವನ್ನು ನೋಡಿ. ನನ್ನ ಗಂಡ ಬ್ಯಾಂಕಿನಲ್ಲಿದ್ದಾರೆ. ‘ಬ್ಯಾಂಕಿನಲ್ಲೇ ಇರುತ್ತೀರಾ?’ ಎಂದು ಅವರನ್ನು ಯಾರೂ ಕೇಳಿಲ್ಲ. ನನಗೆ ಮಾತ್ರ ಒಂದು ಏಕಾರ ಹೆಚ್ಚು. ಇನ್ನು ‘ಇರುತ್ತೀರಾ’. ನಮ್ಮ ಮನೆಯಲ್ಲಿ ಫ್ರಿಜ್ಜು ಇರುತ್ತದೆ, ತಿಜೋರಿ ಇರುತ್ತದೆ, ಜಿಮ್ಮಿನ ಹೆಸರಿನಲ್ಲಿ ತಂದು ಈಗ ಟವೆಲ್ ಒಣಗಿಸುವ ಸೈಕಲ್ ಇರುತ್ತದೆ, ನಾನೂ ಇರುತ್ತೇನೆ. ಹೊತ್ತು ಹೋಗುವ ವಿಚಾರ ರೈಲ್ವೆ ನಿಲ್ದಾಣದಲ್ಲಿ ಕೂತವರನ್ನು ಕೇಳುವಂಥದ್ದು. ಅಥವಾ ಕಳೆದ ತಿಂಗಳು ನಿವೃತ್ತರಾದವರನ್ನು.

ಕಳೆದ ಬೇಸಗೆಯಲ್ಲಿ ಧಾರವಾಡದಲ್ಲಿ ಒಂದು ವಾಸ್ತುಶಾಂತಿ. ಗಂಡನ ಕಡೆಯ ದೂರದ ಸಂಬಂಧಿಕರು. ಮಗ ಹೆಗಲ ಮೇಲೆ ನಿದ್ದೆ ಹೋಗಿದ್ದ. ಮೂರು ವರ್ಷದ ಮಗು ಎಚ್ಚರದಲ್ಲಿದ್ದಾಗ ಹದಿಮೂರು ಕೆಜಿ, ನಿದ್ದೆ ಹೋದರೆ ಇಪ್ಪತ್ತು. ಒಂದು ಕೈಯಲ್ಲಿ ಅವನು, ಇನ್ನೊಂದರಲ್ಲಿ ಮಗಳು ತಿನ್ನದೆ ಬಿಟ್ಟ ಹೋಳಿಗೆಯ ತಟ್ಟೆ, ಕಂಕುಳಲ್ಲಿ ಅವನ ಒಂದು ಚಪ್ಪಲಿ. ಇನ್ನೊಂದು ಚಪ್ಪಲಿಯನ್ನು ಕಣ್ಣಿನಲ್ಲೇ ಹುಡುಕುತ್ತಿದ್ದೆ. ಆಗ ಹಿರಿಯರೊಬ್ಬರು ಎಲೆ ಅಡಿಕೆ ಮಡಿಚುತ್ತ ಬಂದು, ‘ಮೇಡಮ್, ಈಗ ಮನೆಯಲ್ಲೇ ಇರುತ್ತೀರಂತೆ? ಹೊತ್ತು ಹೇಗೆ ಹೋಗುತ್ತದೆ?’ ಎಂದರು.

‘ಮಲಗಿಬಿಡುತ್ತೇನೆ’ ಎಂದೆ.

ಚುಚ್ಚಿದ್ದು ಅವರಿಗೆ ನಾಟುತ್ತದೆ ಎಂದುಕೊಂಡಿದ್ದೆ. ಅವರು ತಲೆಯಾಡಿಸಿ, ‘ಪುಣ್ಯವಂತರು’ ಎಂದು ಎಲೆಯನ್ನು ಬಾಯಿಗಿಟ್ಟುಕೊಂಡು ಮುಂದೆ ಹೋದರು.

ಮಾತು ನನಗಿಂತ ಬೇಗ ಊರು ತಲುಪಿತು. ಮೂರನೆಯ ದಿನ ನವಲಗುಂದದ ಕಡೆಯ ನಮ್ಮ ಹಳ್ಳಿಯಿಂದ ಅತ್ತೆಯ ಫೋನು. ‘ಏನವ್ವಾ, ಹಗಲೆಲ್ಲ ಮಲಗಿಕೊಂಡಿರುತ್ತೀಯಂತೆ?’ ನಾನು ವಿವರಿಸಲು ಬಾಯಿ ತೆರೆದೆ, ಅವರು ಬಿಡಲಿಲ್ಲ. ‘ಸುಮ್ಮನಿರಬೇಡ, ಥೈರಾಯ್ಡ್ ಪರೀಕ್ಷೆ ಮಾಡಿಸು. ನನ್ನ ತಂಗಿಗೂ ಹೀಗೆಯೇ ಶುರುವಾಗಿತ್ತು.’

ನಕ್ಕೆ. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ನಗು ಬರಲಿಲ್ಲ. ಯಾಕೆಂದು ಆಗ ತಿಳಿಯಲಿಲ್ಲ.

ಸರಿ, ಲೆಕ್ಕವನ್ನೇ ಕೊಡೋಣ, ಕಲಿಸಿದ್ದು ಅದನ್ನೇ ಅಲ್ಲವೇ. ಕೇಂದ್ರ ಸರ್ಕಾರ 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗೆ, ಅರ್ಧರ್ಧ ಗಂಟೆಯ ಚೌಕಗಳಲ್ಲಿ ಏನೇನು ಮಾಡಿದಿರಿ ಎಂದು ಬರೆದುಕೊಳ್ಳುತ್ತಾರೆ. ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ 2024ರಲ್ಲಿ ಸರಾಸರಿ ದಿನಕ್ಕೆ 289 ನಿಮಿಷ ಕೊಟ್ಟಿದ್ದಾರೆ, ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಗಂಡಸರದ್ದು 97 ಇತ್ತು. ಐದು ವರ್ಷದಲ್ಲಿ ಆ ಒಂಬತ್ತು ನಿಮಿಷ ಎಲ್ಲಿ ಹೋಯಿತು, ಹೊತ್ತು ಹೇಗೆ ಹೋಗುತ್ತದೆ ಎಂಬುದನ್ನು ಅವರಲ್ಲಿ ವಿಚಾರಿಸಬಹುದು.

ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ನಾನೂ ಅಂಥದೇ ಚೌಕ ಗೀಚಿ ಒಂದು ಬುಧವಾರ ತುಂಬಿಸಿದೆ. ಬೆಳಿಗ್ಗೆ 7ರಿಂದ 7.30ರ ಚೌಕ ಹೀಗಿತ್ತು. ಮಗಳಿಗೆ ಎರಡು ಜಡೆ ಹಾಕಬೇಕು. ಒಂದು ಮುಗಿಯುವಷ್ಟರಲ್ಲಿ ಕುಕ್ಕರಿನ ಮೂರನೆಯ ಸೀಟಿ, ಎದ್ದು ಹೋಗಿ ಆರಿಸಿದೆ. ಮಗನಿಗೆ ಹಾಲು ಕೊಟ್ಟರೆ ಕೆಂಪು ಲೋಟದಲ್ಲಿ ಬೇಡವಂತೆ. ನೀಲಿ ಲೋಟ ತೊಳೆದು ಅದಕ್ಕೆ ಸುರಿದುಕೊಟ್ಟೆ. ಈಗ ಹಾಲು ‘ಹಳೆಯದಾಯಿತು’ ಎಂದು ಅತ್ತ. ಪಾತ್ರೆ ತೊಳೆಯುವಾಕೆ ಇವತ್ತು ಬರುವುದಿಲ್ಲವೆಂದು ತನ್ನ ಮಗನ ಕೈಯಲ್ಲಿ ಹೇಳಿ ಕಳುಹಿಸಿದ್ದಳು. ಎರಡನೆಯ ಜಡೆಗೆ ಕೂತು ರಬ್ಬರ್‌ಬ್ಯಾಂಡ್ ಎಲ್ಲಿಟ್ಟೆನೆಂದು ಇಡೀ ಮನೆ ಹುಡುಕಿದೆವು. ‘ಅಮ್ಮಾ, ಅದು ನಿನ್ನ ಹಲ್ಲಿನಲ್ಲಿದೆ’ ಎಂದಳು ಮಗಳು. ಅಷ್ಟು ಹೊತ್ತೂ ಅದನ್ನು ಕಚ್ಚಿಕೊಂಡೇ ಓಡಾಡಿದ್ದೆ, ಬಾಗಿಲಲ್ಲಿ ಆ ಹುಡುಗನ ಜೊತೆ ಮಾತನ್ನೂ ಆಡಿದ್ದೆ. ಮುಖ್ಯ ಚಟುವಟಿಕೆ ಎಂಬಲ್ಲಿ ‘ಜಡೆ’ ಎಂದು ಬರೆದೆ.

ಆ ಚೌಕದಲ್ಲಿ ಹಿಡಿಯದೆ ಹೋದದ್ದು ಇನ್ನೊಂದು. ನಮ್ಮ ಹುಬ್ಬಳ್ಳಿಯ ಬಡಾವಣೆಗೆ ನಳದಲ್ಲಿ ಆರು ದಿನಕ್ಕೊಮ್ಮೆ ನೀರು. ಸವದತ್ತಿಯ ಜಲಾಶಯದಿಂದ ಹೊರಟ ಮಲಪ್ರಭೆ ನಮ್ಮ ಬೀದಿಗೆ ಬರುವುದು ಹಾಗೆ, ನೆಂಟರಂತೆ. ಎರಡನೆಯ ಜಡೆ ಹೆಣೆಯುವಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು: ನಾಳೆ ನೀರಿನ ದಿನ, ಇವತ್ತೇ ಹಳೆಯ ನೀರಿನಿಂದ ನೆಲ ಒರೆಸಿ ಡ್ರಮ್ಮು ಬರಿದು ಮಾಡಿ ತೊಳೆಯಬೇಕು. ನಾಡಿದ್ದು ಇಡ್ಲಿಯಾದರೆ ನಾಳೆ ಮಧ್ಯಾಹ್ನವೇ ಉದ್ದು ನೆನೆಹಾಕಬೇಕು. ಸಿಲಿಂಡರ್ ಹಚ್ಚಿದ್ದು ಮೂರನೆಯ ತಾರೀಖು, ಇನ್ನು ಹತ್ತು ದಿನ ಬಂದೀತು. ಅತ್ತೆಯ ರಕ್ತದೊತ್ತಡದ ಮಾತ್ರೆ ಗುರುವಾರಕ್ಕೆ ಮುಗಿಯುತ್ತದೆ, ಅವರು ಹೇಳುವುದಿಲ್ಲ. ಮಗಳ ಬಿಳಿ ಬೂಟು ಕಚ್ಚುತ್ತಿದೆ, ಅವಳೂ ಹೇಳುವುದಿಲ್ಲ, ಕುಂಟುವುದನ್ನು ನೋಡಿ ತಿಳಿಯಬೇಕು.

ನಮ್ಮವರು ಕೆಲಸ ಮಾಡುವುದಿಲ್ಲ ಎಂದಲ್ಲ. ‘ಏನು ಮಾಡಲಿ ಹೇಳು’ ಎನ್ನುತ್ತಾರೆ, ಹೇಳಿದ್ದನ್ನು ನೀಟಾಗಿ ಮಾಡುತ್ತಾರೆ. ಹೇಳುವ ಕೆಲಸ ಯಾರದ್ದು ಎಂದು ಮಾತ್ರ ನಾವಿಬ್ಬರೂ ಇನ್ನೂ ಚರ್ಚಿಸಿಲ್ಲ.

ಇದನ್ನು ದೂರಿನ ಪಟ್ಟಿ ಎಂದು ಓದಬೇಡಿ. ಮಧ್ಯಾಹ್ನ ನಾನು ಮಲಗುವುದೂ ಉಂಟು, ಮಗ ಮಲಗಿದರೆ ಇಪ್ಪತ್ತು ನಿಮಿಷ. ಧಾರಾವಾಹಿಯನ್ನೂ ನೋಡುತ್ತೇನೆ. ಇದನ್ನು ಯಾಕೆ ಒಪ್ಪಿಕೊಳ್ಳುತ್ತಿದ್ದೇನೆ? ಬ್ಯಾಂಕಿನಲ್ಲಿ ಚಹಾಕ್ಕೆ ಎದ್ದು ಹೋಗುವವರು ಎಲ್ಲಿಯಾದರೂ ಬರೆದು ಒಪ್ಪಿಕೊಂಡಿದ್ದಾರೆಯೇ?

ಮನೆವಾರ್ತೆ ನೋಡುವವಳಿಗೆ ಈ ದೇಶದಲ್ಲಿ ರೂಪಾಯಿಯ ಲೆಕ್ಕದಲ್ಲಿ ಬೆಲೆ ಕಟ್ಟುವ ಜಾಗವೊಂದಿದೆ, ಅಪಘಾತ ಪರಿಹಾರದ ಮೊಕದ್ದಮೆ. 2001ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಸೇವೆಯನ್ನು ತಿಂಗಳಿಗೆ ಮೂರು ಸಾವಿರ ರೂಪಾಯಿ ಎಂದು ಅಂದಾಜು ಮಾಡಿತ್ತು. 2010ರಲ್ಲಿ ಅದೇ ಕೋರ್ಟು, 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಜೊತೆ ದುಡಿಯದವರ ಸಾಲಿಗೆ ಸೇರಿಸಿದ್ದಕ್ಕೆ ಛೀಮಾರಿ ಹಾಕಿತು. ಓದಿ ಸಂತೋಷವಾಯಿತು. ಆದರೆ ಈ ಬೆಲೆಯೆಲ್ಲ ಸಿಗಬೇಕಾದರೆ ಮೊದಲು ನಾನು ಲಾರಿಯ ಕೆಳಗೆ ಬೀಳಬೇಕು.

ನನಗೆ ಬೇಕಾದ ಪ್ರಶ್ನೆ ಬಹಳ ಸಾದಾ. ಅದೇ ಹಿರಿಯರು ಅದೇ ಮಂಟಪದಲ್ಲಿ ನನ್ನ ಗಂಡನನ್ನು ಕೇಳಿದ್ದು: ‘ಏನಪ್ಪಾ, ಕೆಲಸ ಹೇಗೆ ನಡೆದಿದೆ?’ ಇವರು ಹದಿನೈದು ನಿಮಿಷ ಸಾಲ ವಸೂಲಿಯ ಕಷ್ಟ ಹೇಳಿದರು, ಅವರು ಹೂಂಗುಟ್ಟಿದರು. ನನ್ನನ್ನು ಹಾಗೆ ಕೇಳಿದ್ದರೆ ನಾನು ರೊಟ್ಟಿಯ ವಿಷಯ ಹೇಳುತ್ತಿದ್ದೆ.

ನಾನು ತುಮಕೂರಿನ ಕಡೆಯವಳು. ಮುದ್ದೆ ಕಟ್ಟಬಲ್ಲೆ. ಮದುವೆಯಾಗಿ ಬಂದಾಗ ಜೋಳದ ರೊಟ್ಟಿ ಎಂದರೆ ತಟ್ಟಿದರಾಯಿತು ಎಂದುಕೊಂಡಿದ್ದೆ. ಜೋಳದಲ್ಲಿ ಗೋಧಿಯಂತೆ ಎಳೆದು ಹಿಡಿದುಕೊಳ್ಳುವ ಅಂಟು ಇರುವುದಿಲ್ಲ. ಕುದಿಯುವ ನೀರು ಹಾಕಿ, ಕೈ ಸುಡುತ್ತಿರುವಾಗಲೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಿದರಷ್ಟೇ ಅದು ಒಂದಾಗುತ್ತದೆ. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಜಿಗಿ ಬರುವುದಿಲ್ಲ, ಅಂಚು ಸೀಳುತ್ತದೆ. ಆದ್ದರಿಂದ ಗಿರಣಿಗೆ ಹದಿನೈದು ದಿನಕ್ಕೊಮ್ಮೆ, ಸ್ವಲ್ಪ ಸ್ವಲ್ಪವೇ. ನನಗೆ ಇದನ್ನು ಯಾರೂ ಹೇಳಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವವರಿಗೆ ಹೇಳಬೇಕಾದದ್ದು ಇದೆ ಎಂದೇ ಗೊತ್ತಿರುವುದಿಲ್ಲ. ಮೊದಲ ವರ್ಷ ನನ್ನ ರೊಟ್ಟಿಗಳನ್ನು ಅಂಗೈಯಲ್ಲಿ ಎತ್ತಿದರೆ ನಕಾಶೆಯಂತೆ ಹರಿಯುತ್ತಿದ್ದವು. ಎರಡನೆಯ ವರ್ಷ ಹರಿಯಲಿಲ್ಲ, ಆದರೆ ತವೆಯ ಮೇಲೆ ಹಪ್ಪಳದಂತೆ ಬಿಗಿದುಕೊಂಡವು. ತವೆಗೆ ಹಾಕಿದ ಕೂಡಲೇ ಮೇಲೆ ನೀರು ಸವರುತ್ತೇವೆ, ಅದು ಆರುವ ಮೊದಲು ತಿರುವಬೇಕು. ಆ ‘ಮೊದಲು’ ಎಷ್ಟು ಎಂದು ಕೇಳಿದರೆ ಅತ್ತೆ, ‘ನೋಡಿದರೆ ಗೊತ್ತಾಗುತ್ತದೆ’ ಎನ್ನುತ್ತಿದ್ದರು. ನೋಡುತ್ತಲೇ ಇದ್ದೆ.

ನಾಲ್ಕನೆಯ ವರ್ಷ, ಊರಿನಲ್ಲಿ, ಎಳ್ಳಮಾವಾಸ್ಯೆಯ ಹಿಂದಿನ ದಿನ ಹೊಲಕ್ಕೆ ಒಯ್ಯಲು ರೊಟ್ಟಿ ಮಾಡುತ್ತಿದ್ದೆವು. ನಾನು ತಟ್ಟಿದ್ದೊಂದು ಕೆಂಡದ ಪಕ್ಕ ನಿಂತು ಒಂದು ಸಲ ಉಸಿರೆಳೆದುಕೊಂಡಂತೆ ಪೂರಾ ಉಬ್ಬಿತು, ಅಂಚಿನಿಂದ ಅಂಚಿಗೆ. ನಾನು ಅತ್ತೆಯ ಮುಖ ನೋಡಿದೆ. ಅವರು ಏನೂ ಹೇಳಲಿಲ್ಲ. ಕೈಗಂಟಿದ ಹಿಟ್ಟು ಉದುರಿಸಿಕೊಂಡು ತಾವು ಕೂತಿದ್ದ ಮಣೆಯಿಂದ ಎದ್ದರು, ಅದನ್ನು ಕಾಲಿನಿಂದ ನನ್ನ ಕಡೆ ಸರಿಸಿ, ಪಲ್ಯ ನೋಡಲು ಒಳಗೆ ಹೋದರು.

ಕಾಲೇಜಿನಲ್ಲಿ ನನ್ನನ್ನು ಕಾಯಂ ಮಾಡಿದ ದಿನವೂ ನಾನು ಅಷ್ಟು ಬೀಗಿರಲಿಲ್ಲ. ಆ ರೊಟ್ಟಿಯನ್ನು ತಿಂದವರು ನಮ್ಮವರು, ಮೊಬೈಲ್ ನೋಡುತ್ತ.

ಇನ್ನೂ ಕೇಳಿದ್ದರೆ ನೀರಿನ ದಿನದ ಬಗ್ಗೆಯೂ ಹೇಳುತ್ತಿದ್ದೆ. ನಳ ಮೊದಲು ಬರೀ ಗಾಳಿ ಉಗುಳುತ್ತದೆ, ಮಗ ಅದಕ್ಕೆ ‘ನಳ ಕೆಮ್ಮಿತು’ ಎಂದು ಕೂಗುತ್ತಾನೆ, ಇಡೀ ಓಣಿಗೆ ಅವನೇ ಡಂಗುರ. ಬರಿದಾದ ಡ್ರಮ್ಮಿನೊಳಗೆ ತಲೆ ಹಾಕಿ ತನ್ನ ಹೆಸರು ಕರೆದುಕೊಳ್ಳುತ್ತಾನೆ, ಒಳಗಿನಿಂದ ದಪ್ಪ ದನಿ ಕೇಳಿ ಹೆದರಿ ನನ್ನ ಕಾಲಿಗೆ ಅಂಟಿಕೊಳ್ಳುತ್ತಾನೆ, ಮತ್ತೆ ಹೋಗಿ ಕರೆಯುತ್ತಾನೆ. ಎರಡು ಗಂಟೆಯಲ್ಲಿ ಡ್ರಮ್ಮು, ಕೊಡ, ಬಕೀಟು, ಕುಕ್ಕರು ಎಲ್ಲ ತುಂಬುತ್ತವೆ. ಕೊನೆಯ ಮುಚ್ಚಳ ಹಾಕಿ, ಸೀರೆಯ ಒದ್ದೆ ಅಂಚು ಹಿಂಡುತ್ತ ನಿಂತಾಗ ಆಗುವ ಶ್ರೀಮಂತಿಕೆ ತಿಂಗಳ ಮೊದಲ ತಾರೀಖಿನಂದು ಬ್ಯಾಂಕಿನವರಿಗೂ ಆಗುತ್ತದೆಯೋ ಇಲ್ಲವೋ.

ಅತ್ತೆಯ ಫೋನಿಗೆ ಯಾಕೆ ನಗು ನಿಂತಿತು ಎಂದು ಬರೆಯುತ್ತ ಈಗ ತಿಳಿಯುತ್ತಿದೆ. ಹಗಲೆಲ್ಲ ಮಲಗುತ್ತಾಳೆ ಎಂಬ ಮಾತು ದಾಟಿ ಬಂದ ಎಲ್ಲ ಕಿವಿಗಳಿಗೂ ನಾನು ಸೋಮಾರಿಯಾಗಿ ಕಂಡೆ. ರೋಗವಿರಬೇಕು ಎಂದುಕೊಂಡದ್ದು ಅವರೊಬ್ಬರೇ. ನಾನು ದುಡಿಯುವವಳು ಎಂದು ಅವರಿಗೆ ಗೊತ್ತಿತ್ತು.

ಪರೀಕ್ಷೆ ಮಾಡಿಸಿದೆ. ಥೈರಾಯ್ಡ್ ಸರಿಯಾಗಿದೆ. ವಿಟಮಿನ್ ಡಿ ಮಾತ್ರ ಬಹಳ ಕಡಿಮೆ. ಡಾಕ್ಟರು ವರದಿಯಿಂದ ತಲೆಯೆತ್ತಿ, ‘ಬಿಸಿಲಿಗೆ ಹೋಗುವುದಿಲ್ಲವೇ? ಮನೆಯಲ್ಲೇ ಇರುತ್ತೀರಾ?’ ಎಂದರು.

ಹೌದು ಎಂದೆ. ವಾರಕ್ಕೊಂದರಂತೆ ಎಂಟು ವಾರ ಮಾತ್ರೆ ಬರೆದುಕೊಟ್ಟರು. ಮೊದಲನೆಯದನ್ನು ನುಂಗಿದ್ದು ನೀರು ಬಂದ ದಿನ. ನೀರು ಆರು ದಿನಕ್ಕೊಮ್ಮೆ, ಮಾತ್ರೆ ಏಳು ದಿನಕ್ಕೊಮ್ಮೆ, ಎರಡನ್ನೂ ನೆನಪಿಡಬೇಕು. ಶಾಲೆಯಲ್ಲಿ ಈಗಷ್ಟೇ ಲ.ಸಾ.ಅ. ಕಲಿತಿರುವ ಮಗಳು ಬೆರಳು ಮಡಚಿ, ‘ನಲವತ್ತೆರಡನೆಯ ದಿನ ಎರಡೂ ಒಟ್ಟಿಗೆ ಬರುತ್ತವೆ ಅಮ್ಮಾ’ ಎಂದಳು. ನಳ ಮಾತು ಉಳಿಸಿಕೊಂಡರೆ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅವಳೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾಳೆ.