ಬ್ರೇಕ್ ಒತ್ತಿದರೆ ನಿಲ್ಲುವ ಸದ್ದು: ಮಾರುತಿ 800ರ ಅಡಿಯ ಕೆಲಸ

ನಮ್ಮ ಮಾರುತಿ 800ರ ಅಡಿಯಿಂದ ಬರುತ್ತಿದ್ದ ‘ಕಟ್ ಕಟ್’ ಸದ್ದಿನ ಮೂಲ ಕೊನೆಗೂ ಸಿಕ್ಕಿದೆ. ಸೈಲೆನ್ಸರ್ ಕ್ಲಾಂಪ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್ ಇವೆಲ್ಲವನ್ನೂ ಪರೀಕ್ಷಿಸಿ ಆಗಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಓಡಿಸಿದಾಗ ಟಿಕ್ ಟಿಕ್ ಇಲ್ಲದ್ದರಿಂದ ಮುಂಚಕ್ರ ತಿರುಗಿಸುವ ಆಕ್ಸೆಲ್ ಮೇಲೂ ಸಂಶಯವಿರಲಿಲ್ಲ.

ತಲೆ ಕೆಡಿಸಿದ್ದು ಒಂದೇ ಸಂಗತಿ: ಬ್ರೇಕ್ ಪೆಡಲಿನ ಮೇಲೆ ಹಗುರಾಗಿ ಕಾಲಿಟ್ಟರೆ ಸದ್ದು ನಿಲ್ಲುತ್ತಿತ್ತು. ಕೇಳಿದ ಗ್ಯಾರೇಜಿನವರೆಲ್ಲ ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರಿನೊಳಗೆ ಪ್ಯಾಡ್ ಅಲುಗುತ್ತಿದೆ ಎಂದರು. ಹೊಸ ಪ್ಯಾಡ್ ಹಾಕಿದರೂ ಸದ್ದು ಹಾಗೆಯೇ ಉಳಿಯಿತು. ಜಾಕ್ ಏರಿಸಿ ಅಲುಗಾಡಿಸಿದರೆ ಎಲ್ಲವೂ ಬಿಗಿ.

ಮಂಗಳೂರಿನ ಕದ್ರಿ ಕಡೆಯ ಹಂಪ್‌ಗಳನ್ನು ಎರಡೂ ಮುಂಚಕ್ರಗಳು ಒಟ್ಟಿಗೆ ಹತ್ತಿದಾಗ ಸದ್ದಿರಲಿಲ್ಲ. ಮಳೆಗೆ ಕಿತ್ತುಹೋದ ರಸ್ತೆಯಂಚಿನಲ್ಲಿ ಎಡಚಕ್ರ ಮಾತ್ರ ಗುಂಡಿಗಿಳಿದಾಗ ಬಡಿಯುತ್ತಿತ್ತು. ಆಗ ಸಂಶಯ ಹೋದದ್ದು ಎರಡೂ ಮುಂಚಕ್ರಗಳ ಕಡೆಯನ್ನು ಕೂಡಿಸುವ ಉಕ್ಕಿನ ಸರಳಾದ ಸ್ಟೆಬಿಲೈಸರ್ ಬಾರ್ ಮೇಲೆ. ಎರಡೂ ಚಕ್ರ ಸಮನಾಗಿ ಏರಿಳಿದರೆ ಅದು ತಿರುಚಿಕೊಳ್ಳುವುದಿಲ್ಲ, ಒಂದೇ ಇಳಿದರೆ ತಿರುಚಿಕೊಳ್ಳುತ್ತದೆ. ಈ ಕಾರಿನಲ್ಲಿ ಅದೇ ಬಾರ್ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಾದ ಲೋವರ್ ಆರ್ಮನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿರುವುದರಿಂದ, ಬ್ರೇಕ್ ಒತ್ತಿ ಚಕ್ರ ಹಿಂದಕ್ಕೆ ಜಗ್ಗಿದಾಗ ಬಾರಿನ ತುದಿಗೆ ಹಾಕಿದ ರಬ್ಬರ್ ಬುಷ್‌ನ ಸಡಿಲವೆಲ್ಲ ಒಂದು ಬದಿಗೆ ಒತ್ತಿಕೊಂಡು ಸದ್ದು ಅಡಗುತ್ತದೆ.

ಭಾರವೆಲ್ಲ ಚಕ್ರಗಳ ಮೇಲೆಯೇ ಇರುವಂತೆ ಕಾರನ್ನು ಪಿಟ್ ಮೇಲೆ ನಿಲ್ಲಿಸಿ ಲಿವರ್ ಹಾಕಿ ಮೀಟಿದಾಗ ಬಾರಿನ ಎಡತುದಿ ಅಲುಗಿತು. ಉಪ್ಪುಗಾಳಿಗೆ ತುಕ್ಕು ಹಿಡಿದ ಬಾರಿನಲ್ಲಿ ವಾಷರ್ ಉಜ್ಜಿದ ಜಾಗ ಮಾತ್ರ ಉಂಗುರದಂತೆ ಥಳಥಳಿಸುತ್ತಿತ್ತು. ರಬ್ಬರಿನ ತೂತು ಉದ್ದುದ್ದವಾಗಿ ಸವೆದಿತ್ತು.

ಹುಡುಕಾಟದ ಈ ಕ್ರಮವನ್ನು ಮಾವನ ಶೆಡ್ಡಿನಲ್ಲಿರುವ ಪ್ರೀಮಿಯರ್ ಪದ್ಮಿನಿಯ ಮೇಲೂ ಪ್ರಯೋಗಿಸುವ ಆಸೆಯಿದೆ. ಕ್ಲಚ್ ಬಿಟ್ಟೊಡನೆ ಅದರ ಅಡಿಯಲ್ಲಿ ‘ಢಣ್’ ಎನ್ನುತ್ತದೆ. ಇಂಜಿನ್ನಿನ ಬಲ ಹಿಂಚಕ್ರಗಳಿಗೆ ಹೋಗುವ ಕಾರಾದ್ದರಿಂದ ಆ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದ ದಂಡದ, ಅಂದರೆ ಪ್ರೊಪೆಲ್ಲರ್ ಶಾಫ್ಟಿನ, ಯೂನಿವರ್ಸಲ್ ಜಾಯಿಂಟನ್ನು ಮೊದಲು ನೋಡಬೇಕು.

ಅಂಗಡಿಯವರು ಮೊದಲು ಕೊಟ್ಟ ಡುಪ್ಲಿಕೇಟ್ ಬುಷ್ ಬಾರಿನ ಮೇಲೆ ಸಲೀಸಾಗಿ ಜಾರುತ್ತಿತ್ತು. ನಟ್ ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದರು. 2014ರಲ್ಲಿ ತಯಾರಿಕೆ ನಿಂತ ಕಾರಿಗೆ ಸಿಕ್ಕಿದ್ದೇ ಭಾಗ್ಯ ಎಂಬ ಮಾತನ್ನು ನಾನು ಒಪ್ಪಲಾರೆ. ಅಳತೆ ತಪ್ಪಿದ ರಬ್ಬರ್ ಮಾರಿದರೆ ಕೊಂಡವನ ದುಡ್ಡಿನ ಜೊತೆಗೆ ದುಡಿಮೆಯೂ ದಂಡವಾಗುತ್ತದೆ. ಕಂಪನಿಯ ಬುಷ್ ತರಿಸಿ ಎರಡೂ ಬದಿಗೆ ಹಾಕಿದೆ. ಕೊನೆಯ ಬಿಗಿತವನ್ನು ಕಾರು ನೆಲದ ಮೇಲೆ ನಿಂತಿರುವಾಗಲೇ ಕೊಡಬೇಕು. ಚಕ್ರ ಜೋತಾಡುವಾಗ ಬಿಗಿದರೆ ಕೆಳಗಿಳಿಸಿದೊಡನೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಪಂಪ್‌ವೆಲ್‌ನಿಂದ ಬಿ.ಸಿ.ರೋಡ್‌ವರೆಗೆ ಓಡಿಸಿ ನೋಡಿದೆ. ಕಟ್ ಕಟ್ ಸಂಪೂರ್ಣ ನಿಂತಿದೆ. ಆದರೆ ಅದರಡಿ ಮುಚ್ಚಿಹೋಗಿದ್ದ ಸಣ್ಣ ಗುಂಯ್‌ಗುಡುವಿಕೆ ಈಗ ಸ್ಪಷ್ಟವಾಗಿ ಕೇಳುತ್ತಿದ್ದು, ಎಡಕ್ಕೆ ತಿರುಗಿ ಭಾರ ಬಲಕ್ಕೆ ವಾಲಿದಾಗ ಹೆಚ್ಚುವುದರಿಂದ ಮುಂದಿನ ಕೆಲಸ ಬಲ ಮುಂಚಕ್ರದ ಬೇರಿಂಗ್.